ಕಾಲಾಣೆಯ ಕಾಗದದ ಮೇಲೆ ದಿನದ ರೇಖೆ: ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಅಂಚೆಕಾರ್ಡು ಚಿತ್ರಗಳು

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ನಂದಲಾಲ್ ಬೋಸರ ಸ್ಥಾನವನ್ನು ಸಾಮಾನ್ಯವಾಗಿ ಅವರ ದೊಡ್ಡ ಕೃತಿಗಳ ಮೂಲಕ ಗುರುತಿಸಲಾಗುತ್ತದೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನದ ಫಲಕಗಳು, ಬರೋಡಾದ ಕೀರ್ತಿ ಮಂದಿರದ ಭಿತ್ತಿಚಿತ್ರಗಳು, ಭಾರತ ಸಂವಿಧಾನದ ಮೂಲಪ್ರತಿಯ ಅಲಂಕರಣ ಇವು ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಸಾಧನೆಗಳು. ಇವುಗಳ ನಡುವೆ ಅವರು ಅಂಚೆಕಾರ್ಡುಗಳ ಮೇಲೆ ಬರೆದು ಗೆಳೆಯರಿಗೂ ಶಿಷ್ಯರಿಗೂ ಕಳುಹಿಸುತ್ತಿದ್ದ ಚಿಕ್ಕ ಚಿತ್ರಗಳ ಪ್ರಸ್ತಾಪ ಬಂದರೂ ಅದು ಒಂದು ವಾಕ್ಯಕ್ಕೆ ಸೀಮಿತವಾಗುತ್ತದೆ. ಅವು ಮಹಾಕಲಾವಿದನ ಬಿಡುವಿನ ವಿನೋದಗಳೆಂದು ಪರಿಗಣಿತವಾಗುತ್ತವೆ. ಪ್ರತಿದಿನವೂ ನಡೆಯುವ, ಕೈಯಿಂದ ಕೈಗೆ ದಾಟುವ, ಬಳಕೆಯಲ್ಲಿಯೇ ಸವೆದುಹೋಗುವ ಅಭಿವ್ಯಕ್ತಿಗಳನ್ನು ಮುಖ್ಯ ಆಕರಗಳೆಂದು ಭಾವಿಸುವ ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಈ ಕ್ರಮಾಂಕ ಪ್ರಶ್ನಾರ್ಹವಾಗುತ್ತದೆ. ಕಾರ್ಡುಗಳ ದಿನನಿತ್ಯದ ವಿನಿಮಯವು ಒಂದು ಕಲಾಶಾಲೆಯ ಕೈಯನ್ನು ಹೇಗೆ ರೂಪಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬ್ರಿಟಿಷ್ ಭಾರತದಲ್ಲಿ ಅಂಚೆಕಾರ್ಡು ಬಳಕೆಗೆ ಬಂದುದು 1879ರ ಜುಲೈ 1ರಂದು. ಅದರ ಬೆಲೆ ಕಾಲಾಣೆ. ಬಡವನಿಗೂ ಎಟುಕುವ, ಮುಚ್ಚುಮರೆಯಿಲ್ಲದ ಈ ಕಾಗದವು ಕೆಲವೇ ವರ್ಷಗಳಲ್ಲಿ ದೇಶದ ಮೂಲೆಮೂಲೆಯನ್ನು ತಲುಪಿತು. ನಂದಲಾಲರು ಜನಿಸಿದುದು ಅದಾದ ಮೂರು ವರ್ಷಗಳ ಅನಂತರ, 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದ ಅವರು, ಅಜಂತಾ ಗುಹೆಗಳ ಚಿತ್ರಗಳನ್ನು ಪ್ರತಿಮಾಡಲು ಲೇಡಿ ಹೆರಿಂಗ್‌ಹ್ಯಾಮ್ ಅವರೊಡನೆ ದುಡಿದ ತಂಡದಲ್ಲಿದ್ದರು. ಜೋಡಾಸಾಂಕೊದ ಠಾಕೂರರ ಮನೆಯಲ್ಲಿ 1915ರಲ್ಲಿ ಆರಂಭವಾದ ವಿಚಿತ್ರಾ ಸಭೆಯ ಒಡನಾಟವೂ ಅವರಿಗೆ ದೊರೆಯಿತು. ಮರುವರ್ಷ ಭಾರತಕ್ಕೆ ಬಂದ ಜಪಾನಿನ ಚಿತ್ರಕಾರ ಅರಾಯ್ ಕಂಪೊ ಅವರಿಂದ ಮಸಿ ಮತ್ತು ಕುಂಚದ ಪೂರ್ವದೇಶೀಯ ಪದ್ಧತಿಯನ್ನು ಹತ್ತಿರದಿಂದ ಕಲಿಯುವ ಅವಕಾಶ ಒದಗಿತು. ಮುಂದೆ ಶಾಂತಿನಿಕೇತನದಲ್ಲಿ ನೆಲೆಸಿದ ನಂದಲಾಲರು 1922ರಿಂದ 1951ರವರೆಗೆ ಕಲಾಭವನದ ಮುಖ್ಯಸ್ಥರಾಗಿದ್ದರು. ಆಶ್ರಮದ ಎಲ್ಲರಿಗೂ ಅವರು ‘ಮಾಸ್ಟರ್ ಮೊಶಾಯ್’.

ಕಾರ್ಡು ಚಿತ್ರಗಳು ಈ ಮಾಸ್ಟರ ದಿನಚರಿಯ ಅಂಗವಾಗಿದ್ದವು. ನಡೆದಾಡುವಾಗ, ವಿದ್ಯಾರ್ಥಿಗಳೊಡನೆ ಪ್ರವಾಸ ಹೋದಾಗ ಖಾಲಿ ಕಾರ್ಡುಗಳು ಅವರ ಜೊತೆಯಲ್ಲಿರುತ್ತಿದ್ದವು. ಕಣ್ಣಿಗೆ ಬಿದ್ದುದನ್ನು ಅಲ್ಲಿಯೇ ನಾಲ್ಕಾರು ಗೆರೆಗಳಲ್ಲಿ ಹಿಡಿಯುವುದು, ಹಿಂಬದಿಯಲ್ಲಿ ಒಂದೆರಡು ಸಾಲು ಬರೆದು ಅಂಚೆಗೆ ಹಾಕುವುದು ರೂಢಿ. ತಾಳೆಮರಗಳ ಸಾಲು, ಕೆಂಪು ಮಣ್ಣಿನ ಕೊರಕಲುಗಳಾದ ‘ಖೋವಾಯಿ’, ಕೋಪಾಯಿ ನದಿಯ ತಿರುವು, ಹೊಲದಿಂದ ಮರಳುವ ಸಂತಾಲ ಹೆಂಗಸರು, ಮೇಯುವ ಮೇಕೆ, ಮಲಗಿದ ನಾಯಿ ಇಂಥವೇ ಅಲ್ಲಿನ ವಸ್ತುಗಳು. ಕಡೆಗಾಲದಲ್ಲಿ ಹರಿದ ಕಾಗದದ ಚೂರುಗಳನ್ನು ಅಂಟಿಸಿ ಪ್ರಾಣಿಪಕ್ಷಿಗಳ ಆಕಾರ ಮೂಡಿಸುವ ಆಟವೂ ಇದಕ್ಕೆ ಸೇರಿಕೊಂಡಿತು. ಪುರಾಣದ ಶಿವನನ್ನೂ ಬುದ್ಧನ ಬದುಕನ್ನೂ ಗಂಭೀರವಾಗಿ ಚಿತ್ರಿಸಿದ ಕೈಯೇ ಇಲ್ಲಿ ಮಕ್ಕಳೊಡನೆ ಕುಳಿತಂತೆ ಹಗುರಾಗಿದೆ.

ಈ ಹಗುರುತನದ ಹಿಂದೆ ಒಂದು ಶಿಸ್ತಿದೆ. ಕಾರ್ಡಿನ ಅಳತೆ ಅಂಗೈಯಷ್ಟು. ದೊಡ್ಡ ಸಂಯೋಜನೆಗೆ ಅಲ್ಲಿ ಎಡೆಯಿಲ್ಲ. ಕುಂಚದ ಮಸಿ ಕಾಗದಕ್ಕೆ ಇಳಿದ ಮೇಲೆ ತಿದ್ದುವಂತಿಲ್ಲ. ಬರೆಯದೆ ಬಿಟ್ಟ ಬಿಳಿಯ ಜಾಗವೇ ಆಕಾಶವೂ ನೀರೂ ಬಯಲೂ ಆಗಬೇಕು. ಕಾಗದ ಅಗ್ಗದ್ದಾದುದರಿಂದ ಕೆಟ್ಟೀತೆಂಬ ಭಯವಿಲ್ಲ. ಒಂದು ಕೆಟ್ಟರೆ ಇನ್ನೊಂದು. ಸಂಗೀತಗಾರನು ಕಛೇರಿಗೆ ಮುನ್ನ, ಕಛೇರಿಯಿಲ್ಲದ ದಿನಗಳಲ್ಲಿಯೂ, ಬೆಳಗಿನ ಹೊತ್ತು ಸಾಧಕ ಮಾಡಿ ಕಂಠವನ್ನು ಹದಗೊಳಿಸಿಕೊಳ್ಳುವಂತೆ ಚಿತ್ರಕಾರನು ಇಲ್ಲಿ ಕೈಯನ್ನು ಹದಗೊಳಿಸಿಕೊಳ್ಳುತ್ತಾನೆ. ಆದರೆ ಸಂಗೀತಗಾರನ ಸಾಧಕಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಾಧಕವನ್ನು ಪರರು ಕೇಳಬೇಕೆಂಬ ಅಪೇಕ್ಷೆಯಿಲ್ಲ. ಕಾರ್ಡಿಗೆ ಒಂದು ವಿಳಾಸವಿದೆ. ಅಭ್ಯಾಸವೇ ಮತ್ತೊಬ್ಬರ ಮನೆಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಮಾಸ್ಟರಿಂದ ಬಂದ ಕಾರ್ಡು ಶಿಷ್ಯನಿಗೆ ಕುಶಲಪ್ರಶ್ನೆಯೂ ಹೌದು, ಪಾಠವೂ ಹೌದು. ಮೇಕೆಯ ಬೆನ್ನನ್ನು ಒಂದೇ ಎಳೆತದಲ್ಲಿ ಹೇಗೆ ತರಬಹುದೆಂಬುದನ್ನು ಅದು ಉಪದೇಶವಿಲ್ಲದೆ ತೋರಿಸುತ್ತದೆ. ಬಂದ ಕಾರ್ಡು ಉತ್ತರವನ್ನು ಬಯಸುತ್ತದೆ. ಶಿಷ್ಯನು ತನ್ನ ಸುತ್ತಲಿನದನ್ನು ನೋಡಿ ಬರೆಯುವಂತೆ ಪ್ರೇರೇಪಿಸುತ್ತದೆ. ತರಗತಿಯಲ್ಲಿ ಗುರುವಿನ ದೊಡ್ಡ ಚಿತ್ರದೆದುರು ಸಹಜವಾಗಿ ಮೂಡುವ ಅಂಜಿಕೆ ಇಷ್ಟು ಚಿಕ್ಕ ಕಾಗದದೆದುರು ಉಳಿಯುವುದಿಲ್ಲ. ಮಾರಾಟದ ಬೆಲೆಯಾಗಲಿ ಪರೀಕ್ಷೆಯ ಅಂಕವಾಗಲಿ ಇಲ್ಲದ ಈ ಕೊಡುಕೊಳ್ಳುವಿಕೆ, ನೆರೆಹೊರೆಯವರು ಹಬ್ಬದಲ್ಲಿ ಎಳ್ಳುಬೆಲ್ಲ ಹಂಚಿಕೊಳ್ಳುವ ಕ್ರಮಕ್ಕೆ ಹತ್ತಿರವಾದುದು. ವಸ್ತು ಅಲ್ಪವಾದರೂ ಅದು ಉಳಿಸಿಕೊಳ್ಳುವ ಸಂಬಂಧ ಅಲ್ಪವಲ್ಲ.

ಶಾಂತಿನಿಕೇತನದ ಈ ಪದ್ಧತಿಯನ್ನು ಪೂರ್ವದೇಶೀಯ ಕುಂಚವಿದ್ಯೆಯೊಂದರಿಂದಲೇ ವಿವರಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಬಂಗಾಳದ ಹೆಣ್ಣುಮಕ್ಕಳು ವ್ರತಗಳ ಸಂದರ್ಭದಲ್ಲಿ ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ನೆಲದ ಮೇಲೆ ಬರೆಯುವ ಆಲ್ಪನಾವನ್ನು ಅವನೀಂದ್ರನಾಥರು ‘ಬಾಂಗ್ಲಾರ್ ವ್ರತ’ ಕೃತಿಯಲ್ಲಿ ಗಂಭೀರ ಅಧ್ಯಯನದ ವಸ್ತುವಾಗಿಸಿದರು. ಕಲಾಭವನದಲ್ಲಿ ಸುಕುಮಾರೀ ದೇವಿ ಅವರು ಆಲ್ಪನಾ ಕಲಿಸಿದರು; ನಂದಲಾಲರ ಮಗಳು ಗೌರಿ ಭಂಜ ಅವರು ಆ ಪರಂಪರೆಯನ್ನು ಮುಂದುವರಿಸಿದರು. ಆಶ್ರಮದ ಉತ್ಸವಗಳಲ್ಲಿ ನೆಲದ ಮೇಲೆ ಅರಳಿ, ಉತ್ಸವ ಮುಗಿಯುವಷ್ಟರಲ್ಲಿ ಕಾಲ್ತುಳಿತಕ್ಕೆ ಅಳಿಸಿಹೋಗುವ ಈ ರೇಖೆಗಳ ನಡುವೆ ಕಾರ್ಡು ಚಿತ್ರಗಳು ಹುಟ್ಟಿದವೆಂಬುದನ್ನು ಮರೆಯುವಂತಿಲ್ಲ. ಕನ್ನಡನಾಡಿನ ರಂಗೋಲಿಯನ್ನು ಬಲ್ಲವರಿಗೆ ಈ ಸಂಬಂಧ ಸುಲಭವಾಗಿ ಮನದಟ್ಟಾಗುತ್ತದೆ. ಹೊಸ್ತಿಲಿನ ಮುಂದೆ ಬೆಳಗಾದರೆ ಬರೆಯುವ ಗೃಹಿಣಿ ನಿನ್ನೆಯದನ್ನು ಗುಡಿಸಿಯೇ ಇಂದಿನದನ್ನು ಬರೆಯುತ್ತಾಳೆ. ಆದರೆ ಚುಕ್ಕಿಗಳ ಲೆಕ್ಕವನ್ನು ಪುಸ್ತಕದಲ್ಲಿ ಗುರುತುಹಾಕಿಕೊಂಡು ಓರಗಿತ್ತಿಗೂ ನೆರೆಮನೆಯಾಕೆಗೂ ಕೊಡುತ್ತಾಳೆ. ಬರೆದುದು ಅಳಿಯುತ್ತದೆ, ಬರೆಯುವ ಬಗೆ ಹರಡುತ್ತದೆ.

ಹೀಗೆ ಹರಡಿದ ಬಗೆಯ ಫಲ ದೊಡ್ಡ ಕೃತಿಗಳಲ್ಲಿ ಕಾಣಿಸುತ್ತದೆ. ಗಾಂಧೀಜಿಯವರ ಅಪೇಕ್ಷೆಯಂತೆ ಹರಿಪುರಕ್ಕಾಗಿ ನಂದಲಾಲರೂ ಅವರ ವಿದ್ಯಾರ್ಥಿಗಳೂ ಸಹಕಲಾವಿದರೂ ಸಿದ್ಧಪಡಿಸಿದ ಫಲಕಗಳ ಸಂಖ್ಯೆ ಸುಮಾರು 400. ಇವುಗಳಲ್ಲಿ ಎಂಬತ್ತಕ್ಕೂ ಹೆಚ್ಚಿನವು ಮಾಸ್ಟರ ಮೂಲಚಿತ್ರಗಳು. ಉಳಿದವು ಅವುಗಳನ್ನು ಆಧರಿಸಿ ಇತರರು ಬರೆದವು. ಮಣ್ಣಿನ ಬಣ್ಣಗಳಲ್ಲಿ ರೈತ, ಬಡಗಿ, ಡೋಲು ಬಾರಿಸುವವನು, ಅಡುಗೆ ಮಾಡುವ ಹೆಂಗಸು ಮುಂತಾದವರನ್ನು ತೋರುವ ಈ ಫಲಕಗಳು ಪಟಚಿತ್ರಗಳ ರೇಖೆಯನ್ನು ನೆನಪಿಸುತ್ತವೆ. ಹಲವರ ಕೈಗಳು ಒಂದೇ ಲಯದಲ್ಲಿ ದುಡಿಯಬೇಕಾದರೆ ಆ ಲಯ ಮೊದಲೇ ರೂಢಿಯಾಗಿರಬೇಕು. ವರ್ಷಗಳ ಕಾಲ ಕಾರ್ಡುಗಳಲ್ಲಿ ಓಡಾಡಿದ ರೇಖೆಯೇ ಹರಿಪುರದಲ್ಲಿ ಹಿಗ್ಗಿ ನಿಂತಿತೆಂದು ಭಾವಿಸಲು ಇದರಿಂದ ಆಧಾರ ದೊರೆಯುತ್ತದೆ. ನಂದಲಾಲರ ಶಿಷ್ಯ ವಿನೋದಬಿಹಾರಿ ಮುಖರ್ಜಿಯವರು 1946–47ರಲ್ಲಿ ಹಿಂದೀ ಭವನದ ಗೋಡೆಗಳ ಮೇಲೆ ಮಧ್ಯಕಾಲೀನ ಸಂತರ ಬೃಹತ್ ಚಿತ್ರವನ್ನು ರಚಿಸಿದಾಗ ಗೋಡೆಯಳತೆಯ ಮಾದರಿಯನ್ನು ಸಿದ್ಧಪಡಿಸಿಕೊಳ್ಳದೆ ಚಿಕ್ಕ ರೇಖಾಚಿತ್ರಗಳಿಂದ ನೇರವಾಗಿ ಗೋಡೆಗೆ ಸಾಗಿದರು. ಚಿಕ್ಕದನ್ನು ನಂಬುವ ಅಭ್ಯಾಸವಿಲ್ಲದವರಿಗೆ ಇಂತಹ ಧೈರ್ಯ ಬರುವುದು ಕಷ್ಟ.

ಈ ಕಥನದೊಡನೆ ಕರ್ನಾಟಕದ ಇಬ್ಬರ ಸಂಬಂಧ ಉಲ್ಲೇಖನೀಯ. ಮೈಸೂರಿನ ಕೆ. ವೆಂಕಟಪ್ಪನವರು ಅವನೀಂದ್ರನಾಥರಲ್ಲಿ ನಂದಲಾಲರ ಸಹಪಾಠಿ. ಅಜಂತಾ ತಂಡದಲ್ಲಿ ಅವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ, 1913ರಲ್ಲಿ ಪ್ರಕಟವಾದ ಪುರಾಣಕಥಾ ಗ್ರಂಥಕ್ಕೆ ಇಬ್ಬರೂ ಚಿತ್ರ ಬರೆದರು. ಅನಂತರ ದಾರಿಗಳು ಬೇರೆಯಾದವು. ವೆಂಕಟಪ್ಪನವರು ಏಕಾಂತವನ್ನೂ ಪರಿಪೂರ್ಣತೆಯನ್ನೂ ಆರಿಸಿಕೊಂಡು, ಒಂದೊಂದು ಕೃತಿಯನ್ನೂ ತಪಸ್ಸಿನಂತೆ ಮುಗಿಸಿ, ಅದನ್ನು ಬಿಟ್ಟುಕೊಡಲು ಹಿಂಜರಿದರು. ಅವರ ಜಲವರ್ಣದ ನಿಸರ್ಗಚಿತ್ರಗಳ ಘನತೆ ಆ ಏಕಾಂತದ ಫಲ. ನಂದಲಾಲರದು ಬರೆದುದನ್ನು ಅಂದೇ ಬೀಳ್ಕೊಡುವ ಮಾರ್ಗ. ಇಬ್ಬರಲ್ಲಿ ತರತಮ ಎಣಿಸುವುದು ಅನುಚಿತ. ಆದರೆ ಒಬ್ಬರ ಸುತ್ತ ಶಿಷ್ಯಪರಂಪರೆ ಬೆಳೆದು ಇನ್ನೊಬ್ಬರ ಸುತ್ತ ಬೆಳೆಯದಿರಲು ಈ ಭೇದವೂ ಒಂದು ಕಾರಣವೆನ್ನಬಹುದು. ಎರಡನೆಯವರು ಧಾರವಾಡದಲ್ಲಿ ಜನಿಸಿದ ದಿನಕರ ಕೌಶಿಕ್. ಕಲಾಭವನದಲ್ಲಿ ನಂದಲಾಲರ ಬಳಿ ಕಲಿತ ಅವರು ಮುಂದೆ ಅಲ್ಲಿಯೇ ಪ್ರಾಂಶುಪಾಲರಾಗಿ, ಗುರುವಿನ ಜೀವನಚರಿತ್ರೆಯನ್ನೂ ಬರೆದರು. ಅವರ ಕಾಲದಲ್ಲಿ, 1973ರಲ್ಲಿ ಆರಂಭವಾದ ನಂದನ ಮೇಳ ನಂದಲಾಲರ ಜನ್ಮದಿನದ ಮುನ್ನಾ ದಿನಗಳಾದ ಡಿಸೆಂಬರ್ 1 ಮತ್ತು 2ರಂದು ನಡೆಯುತ್ತ ಬಂದಿದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಕೈಯಾರೆ ಮಾಡಿದ ಕಾರ್ಡುಗಳನ್ನೂ ಚಿಕ್ಕ ಚಿತ್ರಗಳನ್ನೂ ಅಗ್ಗದ ಬೆಲೆಗೆ ಮಾರಿ, ಬಂದ ಹಣವನ್ನು ವಿದ್ಯಾರ್ಥಿಗಳ ನೆರವಿಗೆ ಮೀಸಲಿಡುವ ಈ ಮೇಳದಲ್ಲಿ ಹಳೆಯ ವಿನಿಮಯದ ನೆನಪು ಸಾರ್ವಜನಿಕ ರೂಪ ಪಡೆದಿದೆ.

ನಂದಲಾಲರು 1966ರ ಏಪ್ರಿಲ್ 16ರಂದು ತೀರಿಕೊಂಡರು. ಹತ್ತು ವರ್ಷಗಳ ಅನಂತರ, 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಅವರ ಕೃತಿಗಳನ್ನು ಕಲಾನಿಧಿಗಳೆಂದು ಘೋಷಿಸಲಾಯಿತು. ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿ ಅವರ ಸಾವಿರಾರು ಕೃತಿಗಳಿವೆ. ಕಾಲಾಣೆಯ ಕಾಗದಕ್ಕೆ ರಾಷ್ಟ್ರದ ನಿಧಿಯೆಂಬ ಮಾನ್ಯತೆ ದೊರೆತುದು ಸಂತೋಷದ ಸಂಗತಿ. ಇದರೊಡನೆ ಒಂದು ಅಪಾಯವೂ ಇದೆ. ಕಾರ್ಡಿಗೆ ಎರಡು ಮುಖಗಳಿವೆ. ಚೌಕಟ್ಟು ಹಾಕಿ ಗೋಡೆಗೆ ತೂಗಿದಾಗ ಚಿತ್ರವಿರುವ ಮುಖ ಮಾತ್ರ ಕಾಣುತ್ತದೆ; ಯಾರಿಗೆ, ಎಲ್ಲಿಂದ, ಯಾವ ದಿನ, ಯಾವ ಮಾತಿನೊಡನೆ ಎಂಬುದನ್ನು ಹೇಳುವ ಮುಖ ಗೋಡೆಯ ಕಡೆ ತಿರುಗುತ್ತದೆ. ಅಲ್ಲಿಗೆ ಒಂದು ಒಡನಾಟದ ದಾಖಲೆ ಒಬ್ಬನ ಕೃತಿಯಾಗಿ ಮಾರ್ಪಡುತ್ತದೆ.

ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡಿನ ಪಠ್ಯವನ್ನಷ್ಟೇ ಸಂಗ್ರಹಿಸಿ ಹಾಡಿದ ಸಂದರ್ಭವನ್ನು ಬಿಟ್ಟುಬಿಟ್ಟ ತಲೆಮಾರಿನ ಸಂಗ್ರಹಗಳು ಇಂದು ಎಷ್ಟು ಮೂಕವಾಗಿವೆ ಎಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಕಾರ್ಡು ಚಿತ್ರಗಳಿಗೆ ಆ ಗತಿ ಬರಬಾರದು. ಗ್ರಂಥಾಲಯ, ಸಂಗ್ರಹಾಲಯಗಳು ಇವುಗಳ ಎರಡೂ ಮುಖಗಳನ್ನು ಚಿತ್ರೀಕರಿಸಿ, ಅಂಚೆಮುದ್ರೆಯ ದಿನಾಂಕ, ಪಡೆದವರ ಹೆಸರು, ಬರೆದ ಸಾಲುಗಳನ್ನು ಸೂಚಿಯಲ್ಲಿ ಸೇರಿಸಬೇಕು. ಶಿಷ್ಯರು ಮರಳಿ ಕಳುಹಿಸಿದ ಕಾರ್ಡುಗಳನ್ನೂ ಜೊತೆಗಿಟ್ಟು ಓದಬೇಕು. ಹಾಗೆ ಮಾಡಿದಾಗ ಶಾಂತಿನಿಕೇತನದ ಚಿತ್ರಕಲೆಯ ಚರಿತ್ರೆಯನ್ನು ಕೆಲವೇ ಮಹಾಕೃತಿಗಳ ಸಾಲಿನಿಂದ ಬಿಡಿಸಿ, ದಿನದಿನವೂ ಪರಸ್ಪರ ಕೈ ಪಳಗಿಸಿಕೊಂಡ ಒಂದು ಸಮುದಾಯದ ಚರಿತ್ರೆಯಾಗಿ ಬರೆಯುವುದು ಸಾಧ್ಯವಾಗುತ್ತದೆ.