ಧರಸೇನಾಚಾರ್ಯರ ದೂರದೃಷ್ಟಿ

ಭಗವಾನ್ ಮಹಾವೀರಸ್ವಾಮಿಯ ನಿರ್ವಾಣಾನಂತರ 683 ವರ್ಷಗಳ ಕಾಲ ಅಂಗಜ್ಞಾನವು ಗುರುಶಿಷ್ಯಪರಂಪರೆಯಲ್ಲಿ, ಕ್ರಮೇಣ ಕ್ಷೀಣಿಸುತ್ತ, ನಡೆದುಬಂದಿತೆಂಬುದು ದಿಗಂಬರ ಸಂಪ್ರದಾಯದ ನಂಬುಗೆ. ಆಗ ಆಚಾರ್ಯರ ಕಂಠವೇ ಶಾಸ್ತ್ರಭಂಡಾರವಾಗಿತ್ತು. ಒಬ್ಬ ಮುನಿವರ್ಯರ ಸಮಾಧಿಯೊಡನೆ ಶ್ರುತದ ಒಂದು ಭಾಗವೇ ಲುಪ್ತವಾಗುವ ಸಂಭವವಿತ್ತು.

ಅಂತಹ ಕಾಲದಲ್ಲಿ ಸೌರಾಷ್ಟ್ರದ ಗಿರಿನಾರ್ ಪರ್ವತದ ಚಂದ್ರಗುಫೆಯಲ್ಲಿದ್ದವರು ಧರಸೇನಾಚಾರ್ಯರು. ಮಹಾಕರ್ಮಪ್ರಕೃತಿಪ್ರಾಭೃತದ ಜ್ಞಾನ ಅವರಲ್ಲಿ ಉಳಿದಿತ್ತು. ವೃದ್ಧರಾದ ಆಚಾರ್ಯರು ತಮ್ಮ ತಪಸ್ಸು, ತಮ್ಮ ಸಮಾಧಿ ಎಂದಷ್ಟೇ ಚಿಂತಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ತಮ್ಮ ಅನಂತರ ಶ್ರುತದ ಗತಿಯೇನೆಂಬ ಚಿಂತೆ ಅವರನ್ನು ಕಾಡಿತು. ಮಹಿಮಾನಗರಿಯಲ್ಲಿ ನೆರೆದಿದ್ದ ದಕ್ಷಿಣಾಪಥದ ಆಚಾರ್ಯರಿಗೆ ಅವರು ಪತ್ರವನ್ನು ಕಳುಹಿಸಿದರು. ಗುಜರಾತಿನ ಗುಹೆಯಲ್ಲಿದ್ದವರು ದಕ್ಷಿಣದ ಸಂಘದತ್ತ ದೃಷ್ಟಿ ಹಾಯಿಸಿದುದು ಗಮನಾರ್ಹವಾಗಿದೆ.

ಬಂದ ಇಬ್ಬರು ಮುನಿಗಳಿಗೆ ಆಚಾರ್ಯರು ಒಡನೆಯೇ ಪಾಠವನ್ನು ಆರಂಭಿಸಲಿಲ್ಲ. ಒಬ್ಬರಿಗೆ ಒಂದಕ್ಷರ ಅಧಿಕವಾದ, ಇನ್ನೊಬ್ಬರಿಗೆ ಒಂದಕ್ಷರ ನ್ಯೂನವಾದ ಮಂತ್ರವನ್ನಿತ್ತು ಸಾಧಿಸುವಂತೆ ಆಜ್ಞಾಪಿಸಿದರು. ಪ್ರತ್ಯಕ್ಷರಾದ ದೇವಿಯರಲ್ಲಿ ಒಬ್ಬಳು ಉಬ್ಬುಹಲ್ಲಿನವಳು, ಇನ್ನೊಬ್ಬಳು ಒಕ್ಕಣ್ಣಿನವಳು. ದೇವತೆಗಳ ಸ್ವರೂಪ ಇಂತಹುದಲ್ಲವೆಂದು ಅರಿತ ಮುನಿಗಳು ಮಂತ್ರಗಳನ್ನು ತಾವೇ ತಿದ್ದಿಕೊಂಡರು. ಗುರುವಾಕ್ಯವೆಂದು ದೋಷವನ್ನೂ ಒಪ್ಪಿಕೊಳ್ಳುವವರ ಕೈಯಲ್ಲಿ ಶಾಸ್ತ್ರ ಕೆಡದೆ ಉಳಿಯುವುದು ಹೇಗೆ? ಪರೀಕ್ಷೆಯ ಮರ್ಮ ಇದೇ ಇರಬೇಕು.

ಆಷಾಢ ಶುಕ್ಲ ಏಕಾದಶಿಯಂದು ಪಾಠವು ಪೂರ್ಣಗೊಂಡಿತು. ಚಾತುರ್ಮಾಸಕ್ಕೆ ಕೆಲವೇ ದಿನಗಳು ಉಳಿದಿದ್ದರೂ, ತಮ್ಮ ಅಂತ್ಯವು ಸಮೀಪಿಸಿದುದನ್ನು ತಿಳಿದಿದ್ದ ಗುರುಗಳು ಅದೇ ದಿನ ಶಿಷ್ಯರನ್ನು ಬೀಳ್ಕೊಟ್ಟರು. ಆ ಶಿಷ್ಯರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು.

ಅಂಕಲೇಶ್ವರದಲ್ಲಿ ವರ್ಷಾಯೋಗವನ್ನು ಮುಗಿಸಿದ ಬಳಿಕ ಪುಷ್ಪದಂತರು ನಮ್ಮ ವನವಾಸ ದೇಶಕ್ಕೆ, ಎಂದರೆ ಬನವಾಸಿ ಪ್ರಾಂತಕ್ಕೆ ಬಂದರು. ಅಲ್ಲಿ ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಜಿನಪಾಲಿತರಿಗೆ ದೀಕ್ಷೆಯನ್ನಿತ್ತು ಪಾಠ ಹೇಳಿ, ದ್ರಮಿಳ ದೇಶದಲ್ಲಿದ್ದ ಭೂತಬಲಿಗಳ ಬಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಅಲ್ಪವೆಂದು ಆ ಮೂಲಕ ತಿಳಿದ ಭೂತಬಲಿಗಳು ಉಳಿದ ಭಾಗವನ್ನು ರಚಿಸಿ ಷಟ್ಖಂಡಾಗಮವನ್ನು ಪೂರ್ಣಗೊಳಿಸಿದರು. ಗುರುವಿನ ಮುಂದಾಲೋಚನೆ ಶಿಷ್ಯರಿಗೂ ಬಂದಿತ್ತೆಂಬುದಕ್ಕೆ ಬೇರೆ ನಿದರ್ಶನವೇಕೆ? ಗ್ರಂಥಾರೂಢವಾದ ಶ್ರುತವನ್ನು ಚತುರ್ವಿಧ ಸಂಘವು ಪೂಜಿಸಿದ ಜ್ಯೇಷ್ಠ ಶುಕ್ಲ ಪಂಚಮಿಯೇ ಶ್ರುತಪಂಚಮಿ.

9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಈ ಆಗಮಕ್ಕೆ 72,000 ಶ್ಲೋಕಪ್ರಮಾಣದ ಧವಲಾ ಟೀಕೆಯನ್ನು ರಚಿಸಿದರು. ಮುಂದೆ ಇತರೆಡೆಗಳಲ್ಲಿ ಇದರ ಪ್ರತಿಗಳು ಅಳಿದುಹೋದರೂ, ಹಳೆಯ ಕನ್ನಡ ಲಿಪಿಯ ತಾಳೆಯೋಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದವು. ಶತಮಾನಗಳ ಕಾಲ ಶ್ರಾವಕರು ಅವುಗಳ ದರ್ಶನ ಪಡೆದು ಕೈಮುಗಿಯುತ್ತಿದ್ದರು, ಓದಬಲ್ಲವರು ವಿರಳವಾಗಿದ್ದರು. ಆ ಓಲೆಗಳಿಂದ ಇಳಿದುಬಂದ ಪ್ರತಿಗಳ ಆಧಾರದಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮದ ಪ್ರಥಮ ಸಂಪುಟವು 1939ರಲ್ಲಿ ಅಚ್ಚಾಯಿತು. ಅದರಲ್ಲಿದ್ದುದು ಬನವಾಸಿ ಪ್ರಾಂತದಲ್ಲಿ ಪುಷ್ಪದಂತರು ರಚಿಸಿದ ಸತ್ಪ್ರರೂಪಣೆ.