ನ್ಯಾಷನಲ್ ಆಂಪ್ಯುಟೀ ಗಾಲ್ಫ್ ಅಸೋಸಿಯೇಷನ್

ಕೈ ಅಥವಾ ಕಾಲು ಕಳೆದುಕೊಂಡ ಗಾಲ್ಫ್ ಆಟಗಾರರಿಗಾಗಿ ಅಮೆರಿಕದಲ್ಲಿ ಹುಟ್ಟಿದ ಲಾಭರಹಿತ ಕ್ರೀಡಾ ಸಂಘ. ಎರಡನೆಯ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಡೇಲ್ ಬೋರಿಸೋ ತಮ್ಮಂಥವರನ್ನು ಹುಡುಕಿ ಸೇರಿಸಿದ ಆಟಗಾರರ ಬಳಗವೇ 1954ರಲ್ಲಿ ವಿಧ್ಯುಕ್ತ ಸಂಸ್ಥೆಯಾಯಿತು.

ರಾಷ್ಟ್ರೀಯ ಪಂದ್ಯಾವಳಿ ಸಂಘದ ಹೆಚ್ಚು ಪರಿಚಿತ ಮುಖ. ಆದರೆ ಅದರ ನಿಜವಾದ ಹಿರಿಮೆ ‘ಫಸ್ಟ್ ಸ್ವಿಂಗ್’ ಶಿಬಿರಗಳದ್ದು. ಇಲ್ಲಿ ಅಂಗವಿಕಲರ ಜೊತೆಗೆ ಫಿಸಿಯೋಥೆರಪಿಸ್ಟರಿಗೂ ಗಾಲ್ಫ್ ತರಬೇತುದಾರರಿಗೂ ಪಾಠ ನಡೆಯುತ್ತದೆ. ಒಬ್ಬ ಚಿಕಿತ್ಸಕ ಕಲಿತರೆ ಮುಂದೆ ಅವರ ಬಳಿ ಬರುವ ಎಷ್ಟೋ ಮಂದಿಗೆ ಮೈದಾನದ ದಾರಿ ತೆರೆಯುತ್ತದೆ. ಕಲಿಸಬೇಕಾದದ್ದೂ ಸೂಕ್ಷ್ಮವಾದುದೇ. ಚೆಂಡು ಹೊಡೆಯುವಾಗ ಸೊಂಟ ತಿರುಗುತ್ತದೆ, ಕೃತಕ ಕಾಲಿನ ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಆ ತಿರುಚುವಿಕೆಯೆಲ್ಲ ಕತ್ತರಿಸಿದ ಕಾಲಿನ ಉಳಿದ ಭಾಗದ ಚರ್ಮದ ಮೇಲೆ ಬೀಳುತ್ತದೆ. ಕೃತಕ ಕಾಲಿನಲ್ಲಿ ತಿರುಗುವ ಕೀಲು ಅಳವಡಿಸಿದರೆ, ನಿಲ್ಲುವ ಭಂಗಿ ಬದಲಿಸಿದರೆ ನೋವು ತಗ್ಗುತ್ತದೆ.

ಆಟದ ಮುಖ್ಯ ಆಡಳಿತ ಸಂಸ್ಥೆಗಳು ಈ ಹಾದಿಗೆ ಬಂದದ್ದು ಬಹಳ ತಡವಾಗಿ. ಅಮೆರಿಕದ ಗಾಲ್ಫ್ ಆಡಳಿತ ಸಂಸ್ಥೆ ಯುಎಸ್‌ಜಿಎ ಮೊದಲ ಯುಎಸ್ ಅಡಾಪ್ಟಿವ್ ಓಪನ್ ನಡೆಸಿದ್ದು 2022ರಲ್ಲಿ, ಪೈನ್‌ಹರ್ಸ್ಟ್‌ನಲ್ಲಿ. ಅಂಗವಿಕಲ ಆಟಗಾರರಿಗಾಗಿ ಪ್ರತ್ಯೇಕವಾಗಿದ್ದ ಮಾರ್ಪಾಡುಗಳು 2023ರಿಂದ 25ನೇ ನಿಯಮವಾಗಿ ಮೂಲ ನಿಯಮಾವಳಿಯನ್ನೇ ಸೇರಿದವು.