ಗ್ಲೂಕೋಸ್ ಬಾಟ್ಲಿಯ ಪುರಾಣ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಜ್ವರದವರನ್ನು ನೋಡಲು ಹೋದರೆ ಮೊದಲ ಪ್ರಶ್ನೆ "ಗ್ಲೂಕೋಸ್ ಹಾಕಿದ್ರಾ?" ಎರಡನೆಯದು "ಎಷ್ಟು ಬಾಟ್ಲಿ?" ಬಾಟ್ಲಿ ಹೆಚ್ಚಾದಷ್ಟು ಕಾಯಿಲೆಗೂ ಒಂದು ಗೌರವ :-) ಮನೆಗೆ ಬಂದ ಮೇಲೆ ಮಾತ್ರ, "ಜ್ವರ ಬಿಟ್ಟಿತು ಮಾರಾಯ್ರೆ, ಕೈಯ ನರದ ನೋವು ಬಿಡ್ಲಿಲ್ಲ" ಎಂಬ ರಾಗ. (ನಾವು ನರ ಅನ್ನುವುದು ಇಲ್ಲಿ ರಕ್ತನಾಳಕ್ಕೆ.)

ಈ ಬಾಟ್ಲಿಯ ಮೂಲ ಕಾಲರಾ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ಓಶಾಗ್ನೆಸಿ ಎಂಬ ಎಳೆಯ ವೈದ್ಯ, ರೋಗಿಯ ರಕ್ತದಿಂದ ನೀರೂ ಉಪ್ಪೂ ಹೋಗಿರುವುದನ್ನು ಕಂಡುಹಿಡಿದು, ಅದನ್ನೇ ರಕ್ತನಾಳದ ಮೂಲಕ ಮರಳಿಸಬಹುದು ಎಂದ. (ಮುಂದೆ ಕಲ್ಕತ್ತಕ್ಕೆ ಬಂದು ನಮ್ಮ ದೇಶಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ!) 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಮಾಡಿಯೇ ನೋಡಿದ. ಸಾಯುವ ಹಂತದ ಮುದುಕಿಯ ತೋಳಿಗೆ ಅರ್ಧ ಗಂಟೆಯಲ್ಲಿ ಆರು ಪಿಂಟ್, ಅಂದರೆ ಮೂರು ಲೀಟರಿಗೂ ಹೆಚ್ಚು ಉಪ್ಪುನೀರು. ಮುದುಕಿ ಕಣ್ಣು ಬಿಟ್ಟಳು, ಮಾತಾಡಿದಳು. ಲಟ್ಟಾ ಅತ್ತ ಹೋದ ಮೇಲೆ ಭೇದಿ ಮರುಕಳಿಸಿತು, ಮತ್ತೆ ಯಾರೂ ನೀರು ಕೊಡಲಿಲ್ಲ, ಐದೂವರೆ ಗಂಟೆಯಲ್ಲಿ ಹೋಗಿಬಿಟ್ಟಳು. ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲ, ನೀರು ಶುದ್ಧವಲ್ಲ. ಲಟ್ಟಾ ಮರುವರ್ಷ ತೀರಿಕೊಂಡ, ವಿದ್ಯೆ ದಶಕಗಳ ಕಾಲ ಮೂಲೆಗೆ ಬಿತ್ತು.

ಆಮೇಲೆ ಬಂದದ್ದು ಗಾಜಿನ ಬಾಟ್ಲಿ, ರಬ್ಬರ್ ನಳಿಗೆ, ಉಕ್ಕಿನ ಸೂಜಿ. ಕೈ ಅಲುಗಿದರೆ ಸೂಜಿ ನಾಳವನ್ನೇ ತೂತು ಮಾಡುತ್ತಿತ್ತು, ಹಾಗಾಗಿ ಕೈಯನ್ನು ಹಲಗೆಗೆ ಕಟ್ಟುವ ಪದ್ಧತಿ. 1950ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡೇವಿಡ್ ಮಾಸಾ ಪ್ಲಾಸ್ಟಿಕ್ ನಳಿಗೆಯ ಸೂಜಿ ಪ್ರಕಟಿಸಿದ. ಸೂಜಿ ಹೊರಗೆ, ಮೆತ್ತನೆಯ ನಳಿಗೆ ಮಾತ್ರ ಒಳಗೆ. ಹಲಗೆ ಬಹುಮಟ್ಟಿಗೆ ತಪ್ಪಿತು, ನೋವು ತಪ್ಪಲಿಲ್ಲ. ನಳಿಗೆ ನಾಳದ ಒಳಗೋಡೆಗೆ ಉಜ್ಜುತ್ತದೆ, ಪೊಟ್ಯಾಸಿಯಂ ಮತ್ತು ಕೆಲವು ಆಂಟಿಬಯೋಟಿಕ್‌ಗಳು ಸುಡುತ್ತವೆ, ಕೆಲವೊಮ್ಮೆ ರೋಗಾಣು ಸೇರುತ್ತದೆ.

ಪಂಜದ ನಮ್ಮ ಮಾವನಿಗೆ ಡೆಂಗ್ಯೂ ಬಂದಾಗ ಇದನ್ನು ಹತ್ತಿರದಿಂದ ಕಂಡೆ. ನಳಿಗೆ ಹಾಕಿದ ಕೈ ಉರಿಯುತ್ತಿದ್ದರೂ "ಅದು ಹಾಗೇ ಇರ್ತದೆ" ಅಂತ ಎರಡು ದಿನ ತುಟಿ ಬಿಚ್ಚಲಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ಕೆಂಪು ಗೆರೆ, ಮುಟ್ಟಿದರೆ ಹಗ್ಗದ ಹಾಗೆ ಗಟ್ಟಿ. ನರ್ಸ್ ನೋಡಿದವಳೇ ನಳಿಗೆ ತೆಗೆದು ಇನ್ನೊಂದು ಕೈಗೆ ಹಾಕಿದಳು. "ಉರಿದ ಕೂಡಲೇ ಹೇಳ್ಬೇಕಲ್ಲ ಅಜ್ಜ" ಅಂದಳು. ಕೈ ಬಿಸಿಬಟ್ಟೆಯ ಶಾಖಕ್ಕೆ ಮೆಲ್ಲಗೆ ಮೆತ್ತಗಾಯಿತು. ಆ ಸಲ ಅಡಕೆ ಸುಲಿಯಲು ಆಗದ್ದೇ ಅವರಿಗೆ ಡೆಂಗ್ಯೂಗಿಂತ ದೊಡ್ಡ ಸಂಕಟ.

ಇನ್ನೊಂದು ಲೆಕ್ಕ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಬಾಯಲ್ಲಿ ನೀರು ಇಳಿಯುವವನಿಗೆ, ಬರೀ ಸುಸ್ತಿಗೆ, ಒಂದು ದೊಡ್ಡ ಲೋಟ ಪುನರ್ಪುಳಿ ಶರಬತ್ತು ಸಾಕು ಅಂತ ನನ್ನ ವಾದ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಬಾಟ್ಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆ ನೀರು ಕುಡಿಸಿಯೇ ಕಾಲರಾ ರೋಗಿಗಳ ಸಾವನ್ನು ನೂರಕ್ಕೆ ಸುಮಾರು 30ರಿಂದ 4ಕ್ಕಿಂತ ಕೆಳಗೆ ಇಳಿಸಿದರು. ಎದ್ದು ಕೂರಲಾಗದವರಿಗೆ ಮಾತ್ರ ಬಾಟ್ಲಿಯೇ ಬೇಕಿತ್ತು.

ನಳಿಗೆಯನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಲೇಬೇಕೆಂಬ ನಿಯಮವೂ ಬಹುಕಾಲ ಇತ್ತು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಹಾಗೆ ಬದಲಿಸಿದವರಲ್ಲೂ, ತೊಂದರೆ ಕಂಡಾಗ ಮಾತ್ರ ಬದಲಿಸಿದವರಲ್ಲೂ ನಾಳದ ಉರಿಯೂತ ಒಂದೇ ಸಮ, ನೂರಕ್ಕೆ ಏಳು. ದಿನಾ ಕೈ ನೋಡುವವರು ಇರಬೇಕು, ಮಲಗಿದವರು ಬಾಯಿ ಬಿಡಬೇಕು, ಅಷ್ಟೆ.